‘ಮನೆಗೆ ಬನ್ನಿ’ ಅಂದರೆ ನಿಜವಾಗಿ ಬಂದವನು: ಆಸ್ಪರ್ಗರ್ ಮತ್ತು ಜನರ ಒಡನಾಟ

ಮೂರು ವರ್ಷದ ಹಿಂದಿನ ಮಾತು. ಚಿಕ್ಕಮ್ಮನ ಮಗಳ ಮದುವೆಯಲ್ಲಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತ ನಿಂತಿದ್ದ ಹೊಸ ಬೀಗರು ನನ್ನ ತಮ್ಮನಿಗೆ, "ತುಮಕೂರು ಕಡೆ ಒಂದ್ಸಲ ಬನ್ನಿ, ಮನೆಗೆ ಬರಲೇಬೇಕು" ಅಂದರು. ಇಂಥ ಮಾತನ್ನು ನಾವೆಲ್ಲ ಮದುವೆಮನೆಯಲ್ಲಿ ಹತ್ತು ಜನಕ್ಕೆ ಹೇಳುತ್ತೇವೆ, ಹತ್ತು ಜನರಿಂದ ಕೇಳುತ್ತೇವೆ, ಅಲ್ಲೇ ಬಿಟ್ಟು ಬರುತ್ತೇವೆ. ತಮ್ಮ ಬಿಟ್ಟು ಬರಲಿಲ್ಲ. ಮುಂದಿನ ಭಾನುವಾರ ವಿಜಯನಗರದಿಂದ ಮೆಜೆಸ್ಟಿಕ್‌ಗೆ ಒಂದು ಬಸ್ಸು, ಅಲ್ಲಿಂದ ತುಮಕೂರಿಗೆ ಇನ್ನೊಂದು ಬಸ್ಸು ಹಿಡಿದು, ಎರಡು ಕೆಜಿ ಸಪೋಟ ಹಣ್ಣಿನ ಚೀಲದೊಂದಿಗೆ ಹನ್ನೊಂದು ಗಂಟೆಗೆ ಅವರ ಮನೆ ಬಾಗಿಲಲ್ಲಿ ನಿಂತಿದ್ದ.

ಅವರು ಒಳ್ಳೆಯ ಜನ, ಕೂರಿಸಿ ಊಟ ಹಾಕಿ ಕಳಿಸಿದರು. ಆದರೆ ಸಂಜೆ ಚಿಕ್ಕಮ್ಮನಿಗೆ ಫೋನ್ ಬಂತು: "ಹುಡುಗ ಪಾಪದವನು. ಯಾಕೆ ಬಂದಿದ್ದ ಅಂತ ಮಾತ್ರ ಗೊತ್ತಾಗಲಿಲ್ಲ."

ಕರೆದರು, ಅದಕ್ಕೆ ಹೋಗಿದ್ದ.

ಈ ಘಟನೆ ನನ್ನನ್ನು ಇವತ್ತಿಗೂ ಕಾಡುವುದು ಬೇರೆ ಕಾರಣಕ್ಕೆ. "ಅವನಿಗೆ ಜನ ಅಂದ್ರೆ ಆಗಲ್ಲ" ಎಂದು ನಮ್ಮ ಮನೆಯಲ್ಲಿ ಅವನು ಚಿಕ್ಕವನಿದ್ದಾಗಿನಿಂದ ಹೇಳಿಕೊಂಡು ಬಂದಿದ್ದೆವು. ನೆಂಟರು ಬಂದರೆ ರೂಮು ಸೇರುತ್ತಾನೆ, ಮುಖ ಕೊಟ್ಟು ಮಾತಾಡುವುದಿಲ್ಲ, ಸ್ನೇಹಿತರು ಅಂತ ಯಾರೂ ಇಲ್ಲ. ಜನ ಬೇಡದವನು ರಜೆಯ ದಿನ ಎರಡು ಬಸ್ಸು ಬದಲಾಯಿಸಿ, ಒಮ್ಮೆ ಮಾತ್ರ ಕಂಡವರ ಮನೆಗೆ ಹಣ್ಣು ಹಿಡಿದುಕೊಂಡು ಹೋಗುತ್ತಾನೆಯೇ?

ಅವನಿಗೆ 27 ವರ್ಷವಾದಾಗ ಮನೋವೈದ್ಯರೊಬ್ಬರು, "ಇದು ಆಟಿಸಂ ಸ್ಪೆಕ್ಟ್ರಂ. ಹಿಂದೆ ಆಸ್ಪರ್ಗರ್ ಸಿಂಡ್ರೋಮ್ ಅಂತಿದ್ದರಲ್ಲ, ಅದೇ" ಎಂದಿದ್ದರು. ಈ ಹೆಸರು ಕೇಳಿದವರೆಲ್ಲ ಅವನನ್ನು ಬಲ್ಲವರಂತೆ ನನಗೆ ಹೇಳಿದ್ದು ಅದದೇ ಮೂರು ನಾಲ್ಕು ಮಾತು: ಜನ ಇಷ್ಟವಿಲ್ಲ, ಭಾವನೆ ಇಲ್ಲ, ಒಂಟಿಯಾಗಿದ್ದರೆ ಸುಖವಾಗಿರುತ್ತಾರೆ. ಈ ಮಾತುಗಳು ಎಷ್ಟರಮಟ್ಟಿಗೆ ತಪ್ಪು, ಎಲ್ಲಿಂದ ಬಂದವು ಎಂಬುದನ್ನು ಬಿಡಿಸಿ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಮೊದಲು ಹೆಸರಿನ ವಿಷಯ. ಆಟಿಸಂ ಎಂದರೆ ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಒಬ್ಬೊಬ್ಬರಲ್ಲಿ ಒಂದೊಂದು ಥರ ಕಾಣುವುದರಿಂದ ‘ಸ್ಪೆಕ್ಟ್ರಂ’ ಅನ್ನುತ್ತಾರೆ. ಬೆಳೆಸಿದ ರೀತಿಯಿಂದ ಬರುವುದಲ್ಲ, ಔಷಧಿಯಿಂದ ಹೋಗುವುದೂ ಅಲ್ಲ. 1944ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಹಾನ್ಸ್ ಆಸ್ಪರ್ಗರ್ ನಾಲ್ಕು ಹುಡುಗರ ಬಗ್ಗೆ ವಿವರವಾಗಿ ಬರೆದರು. ಚೆನ್ನಾಗಿ ಮಾತು ಬರುತ್ತಿತ್ತು, ಬುದ್ಧಿ ಚುರುಕು, ಒಂದು ವಿಷಯ ಹಿಡಿದರೆ ಆಳಕ್ಕೆ ಇಳಿಯುತ್ತಿದ್ದರು. ಓರಗೆಯ ಮಕ್ಕಳೊಂದಿಗೆ ಮಾತ್ರ ಹೊಂದಿಕೆ ಇರಲಿಲ್ಲ. ಇಂಥ ಆರು ಹುಡುಗರನ್ನು ಮಾಸ್ಕೋದಲ್ಲಿ ಗ್ರೂನ್ಯಾ ಸುಖರೇವಾ ಎಂಬ ವೈದ್ಯೆ 1920ರ ದಶಕದಲ್ಲೇ ಗುರುತಿಸಿ ಬರೆದಿದ್ದರು, ಅದನ್ನು ಓದಿದವರು ಕಡಿಮೆ. ‘ಆಸ್ಪರ್ಗರ್ ಸಿಂಡ್ರೋಮ್’ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು 1981ರಲ್ಲಿ, ಲಂಡನ್ನಿನ ಮನೋವೈದ್ಯೆ ಲೋರ್ನಾ ವಿಂಗ್ ಬರೆದ ಲೇಖನದಿಂದ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಪ್ರತ್ಯೇಕ ಹೆಸರಾಗಿ ಉಳಿಸದೆ ‘ಆಟಿಸಂ ಸ್ಪೆಕ್ಟ್ರಂ’ನೊಳಗೆ ಸೇರಿಸಿತು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯೂ ಹಾಗೇ ಮಾಡಿದೆ. ಇದರ ನಡುವೆ ಇನ್ನೊಂದು ಕಹಿ ಸತ್ಯ ಹೊರಬಂತು. ನಾಜಿ ಆಡಳಿತದಲ್ಲಿ ಆಸ್ಪರ್ಗರ್ ಕೆಲವು ಮಕ್ಕಳನ್ನು ಅಂಗವಿಕಲ ಮಕ್ಕಳನ್ನು ಕೊಲ್ಲುತ್ತಿದ್ದ ವಿಯೆನ್ನಾದ ‘ಆಮ್ ಶ್ಪೀಗೆಲ್‌ಗ್ರುಂಡ್’ ಎಂಬ ಸಂಸ್ಥೆಗೆ ಕಳಿಸಿದ್ದರೆಂದು ಇತಿಹಾಸಕಾರ ಹೆರ್ವಿಗ್ ಚೆಕ್ 2018ರಲ್ಲಿ ದಾಖಲೆ ಸಮೇತ ತೋರಿಸಿದರು. ಆ ಸಂಸ್ಥೆಯಲ್ಲಿ ಸತ್ತ ಮಕ್ಕಳು ಸುಮಾರು 800. ಈ ಕಾರಣಕ್ಕೆ ಆ ಹೆಸರೇ ಬೇಡ ಎನ್ನುವವರಿದ್ದಾರೆ, ಅವರ ನೋವು ನನಗೆ ಅರ್ಥವಾಗುತ್ತದೆ. ಹಳೆಯ ಹೆಸರನ್ನು ಇಲ್ಲಿ ಬಳಸುತ್ತಿರುವುದು, ನಾನು ಹೇಳಹೊರಟ ತಪ್ಪು ತಿಳಿವಳಿಕೆಗಳು ಆ ಹೆಸರಿಗೇ ಅಂಟಿಕೊಂಡಿರುವುದರಿಂದ.

ಜನ ಬೇಡ ಎಂಬ ಮಾತಿಗೆ ಬರೋಣ. ಆಟಿಸಂ ಇರುವ ಮಗಳ ತಾಯಿಯೂ ಆಗಿದ್ದ ಲೋರ್ನಾ ವಿಂಗ್, ಜುಡಿತ್ ಗೌಲ್ಡ್ ಅವರ ಜೊತೆ ಸೇರಿ ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶದ ಮಕ್ಕಳನ್ನು ಅಧ್ಯಯನ ಮಾಡಿ 1979ರಲ್ಲಿ ಪ್ರಕಟಿಸಿದರು. ಬೆರೆಯುವ ವಿಷಯದಲ್ಲಿ ಈ ಮಕ್ಕಳು ಒಂದೇ ಥರ ಇಲ್ಲವೆಂದು ಅವರು ಕಂಡುಕೊಂಡರು. ಕೆಲವರು ದೂರವೇ ಉಳಿಯುತ್ತಾರೆ. ಕೆಲವರು ತಾವಾಗಿ ಬರುವುದಿಲ್ಲ, ಕರೆದರೆ ಬಂದು ಜೊತೆಗಿರುತ್ತಾರೆ. ಇನ್ನು ಕೆಲವರು ತಾವೇ ಹೋಗಿ ಜನರನ್ನು ಮಾತಾಡಿಸುತ್ತಾರೆ, ಮಾತಾಡಿಸುವ ರೀತಿ ಮಾತ್ರ ಬೇರೆಯವರಿಗೆ ವಿಚಿತ್ರವಾಗಿ ಕಾಣುತ್ತದೆ. ಸಪೋಟ ಚೀಲ ಹಿಡಿದು ಹೋದ ನನ್ನ ತಮ್ಮ ಈ ಮೂರನೆಯ ಗುಂಪಿನವನು. ನಲವತ್ತು ವರ್ಷಕ್ಕೂ ಹಿಂದೆಯೇ ಬರೆದಿಟ್ಟ ಮಾತು ಇದು, ಆದರೂ ಜನರ ಮನಸ್ಸಿನಲ್ಲಿ ಉಳಿದಿರುವುದು ಮೊದಲನೆಯ ಚಿತ್ರ ಒಂದೇ.

ಅದಕ್ಕೂ ಹಿಂದೆ ಹೋದರೆ ಆಸ್ಪರ್ಗರ್ ಬರಹದಲ್ಲೇ ಒಂದು ವಿಷಯ ಸಿಗುತ್ತದೆ. ಮನೆಯಲ್ಲಿ ತಂದೆತಾಯಿಗೆ ಅಂಟಿಕೊಳ್ಳದೆ ಇರುತ್ತಿದ್ದ ಈ ಮಕ್ಕಳು ವಾರ್ಡಿಗೆ ಸೇರಿದ ಮೇಲೆ ಉಳಿದವರಿಗಿಂತ ಹೆಚ್ಚಾಗಿ ಮನೆಯನ್ನು ನೆನೆದು ಅಳುತ್ತಿದ್ದರಂತೆ. ಪ್ರೀತಿ ಒಳಗೇ ಇತ್ತು, ಹೊರಗೆ ಕಾಣುವ ರೂಪ ಬೇರೆ ಇತ್ತು. 2000ದಲ್ಲಿ ಬೌಮಿಂಗರ್ ಮತ್ತು ಕಸಾರಿ ಎಂಬ ಸಂಶೋಧಕಿಯರು, ಆಟಿಸಂ ಇದ್ದು ಚೆನ್ನಾಗಿ ಮಾತಾಡಬಲ್ಲ ಮಕ್ಕಳನ್ನೇ ಕೂರಿಸಿಕೊಂಡು ಒಂಟಿತನದ ಬಗ್ಗೆ ಕೇಳಿದರು. ತಮಗೆ ಒಂಟಿ ಅನ್ನಿಸುತ್ತದೆ ಎಂದು ಆ ಮಕ್ಕಳು ಉಳಿದ ಮಕ್ಕಳಿಗಿಂತ ಹೆಚ್ಚಾಗಿ ಹೇಳಿದರು. ಬೇಡವಾದದ್ದು ಸಿಗದಿದ್ದರೆ ಯಾರಿಗೂ ಕೊರಗಿಲ್ಲ. ಕೊರಗು ಇದೆ ಎಂದರೆ ಬೇಕು ಎಂದರ್ಥ.

ಹಾಗಾದರೆ ತೊಡಕು ಎಲ್ಲಿದೆ? ಇದನ್ನು ತಿಳಿಯಲು ನಮ್ಮ ಕನ್ನಡದ ದಿನನಿತ್ಯದ ಮಾತನ್ನೇ ಗಮನಿಸಿದರೆ ಸಾಕು. ಸಂಜೆ ನಾಲ್ಕಕ್ಕೆ ದಾರಿಯಲ್ಲಿ ಸಿಕ್ಕವರು "ಊಟ ಆಯ್ತಾ?" ಅನ್ನುತ್ತಾರೆ. ಅವರಿಗೆ ನಮ್ಮ ಊಟದ ವರದಿ ಬೇಕಿಲ್ಲ. ಪಂಕ್ತಿಯಲ್ಲಿ ಕೂತವರು "ಸಾಕು, ಸಾಕು" ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಎಷ್ಟು ಜೋರಾಗಿ ಹಿಡಿದಿದ್ದಾರೆ ಎಂಬುದನ್ನು ನೋಡಿ ಇನ್ನೊಂದು ಹೋಳಿಗೆ ಹಾಕಬೇಕೋ ಬೇಡವೋ ಎಂದು ಬಡಿಸುವವರು ತೀರ್ಮಾನಿಸುತ್ತಾರೆ. ಹೊರಟು ನಿಂತವರು ‘ಹೋಗ್ತೀನಿ’ ಅನ್ನುವುದು ಅಶುಭವೆಂದು "ಬರ್ತೀನಿ" ಅನ್ನುತ್ತಾರೆ. ಮಾತು ಒಂದು, ಅರ್ಥ ಇನ್ನೊಂದು. ಆ ಅರ್ಥ ದನಿಯಲ್ಲಿ, ಹುಬ್ಬಿನಲ್ಲಿ, ಹೊತ್ತಿನಲ್ಲಿ, ನಂಟಿನಲ್ಲಿ ಅಡಗಿರುತ್ತದೆ. ಇದನ್ನು ನಮಗೆ ಯಾರೂ ಕೂರಿಸಿ ಕಲಿಸಿಲ್ಲ, ಉಸಿರಾಡಿದ ಹಾಗೆ ಬಂದುಬಿಟ್ಟಿದೆ. ಆಸ್ಪರ್ಗರ್ ಇರುವವರಿಗೆ ಅದು ಹಾಗೆ ಬರುವುದಿಲ್ಲ. ಅವರು ಒಂದೊಂದನ್ನೂ ಗಮನಿಸಿ, ಲೆಕ್ಕ ಹಾಕಿ ಕಲಿಯಬೇಕು, ಪರಭಾಷೆಯೊಂದನ್ನು ವ್ಯಾಕರಣದಿಂದ ಕಲಿತ ಹಾಗೆ.

ತಮ್ಮನಿಗೆ ಆರು ವರ್ಷವಿದ್ದಾಗ ಅತ್ತೆ ಬೇಸಿಗೆ ರಜೆಗೆ ಬಂದು ಹದಿನೈದು ದಿನ ಇದ್ದರು. ಹೊರಡುವ ದಿನ ಅವನ ತಲೆ ಸವರಿ "ಬರ್ತೀನಿ ಕಣೋ ಪುಟ್ಟ" ಅಂದು ಆಟೋ ಹತ್ತಿದರು. ಅವನು ಹೊಸ್ತಿಲಲ್ಲಿ ಕೂತ. ಕಾಫಿ ಹೊತ್ತಾಯಿತು, ದೀಪ ಹಚ್ಚುವ ಹೊತ್ತಾಯಿತು, ಏಳಲಿಲ್ಲ. ರಾತ್ರಿ ಎಂಟಕ್ಕೆ ಅಪ್ಪ ಎತ್ತಿಕೊಂಡು ಒಳಗೆ ತಂದಾಗ ಕಿರುಚಿ ಅತ್ತ. ಹಟಮಾರಿ ಅಂದೆವು. ಆಮೇಲೆ ಎಷ್ಟೋ ವರ್ಷ ಅದನ್ನು ನೆನಸಿಕೊಂಡು ನಕ್ಕೆವು. ಒಂದು ಮಗು ಒಬ್ಬ ಮನುಷ್ಯರಿಗಾಗಿ ಐದು ಗಂಟೆ ಕಾದಿತ್ತು ಎಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಮಾತಿನ ಜೊತೆಗೆ ಜಾಗವೂ ಸೇರಿಕೊಳ್ಳುತ್ತದೆ. ಮದುವೆ ಛತ್ರವನ್ನು ಕಣ್ಣಮುಂದೆ ತಂದುಕೊಳ್ಳಿ: ವಾಲಗ, ಮೈಕು, ಅಡುಗೆಮನೆಯ ಪಾತ್ರೆ ಸದ್ದು, ಮಲ್ಲಿಗೆ, ಸೆಂಟು, ಒಗ್ಗರಣೆ, ವಿಡಿಯೋದವರ ಲೈಟು. ನಮ್ಮ ಮಿದುಳು ಇದರಲ್ಲಿ ಮುಕ್ಕಾಲನ್ನು ತಾನಾಗಿ ಹಿಂದಕ್ಕೆ ಸರಿಸಿ ಎದುರಿಗಿರುವವರ ಮಾತನ್ನು ಮುಂದಕ್ಕೆ ತರುತ್ತದೆ. ಆಟಿಸಂ ಇರುವ ಅನೇಕರಿಗೆ ಎಲ್ಲವೂ ಒಟ್ಟಿಗೇ, ಒಂದೇ ಜೋರಿನಲ್ಲಿ ನುಗ್ಗುತ್ತದೆ. ಹಾಗಿರುವಾಗ ಅವರು ಕೋಣೆ ಸೇರಿದರೆ ಓಡಿಹೋದದ್ದು ಗದ್ದಲದಿಂದ, ಜನರಿಂದಲ್ಲ. ಅದೇ ತಮ್ಮನನ್ನು ಮನೆಯ ಮಹಡಿಯಲ್ಲಿ ಒಬ್ಬರ ಎದುರು ಕೂರಿಸಿ, ಅವನು ಸೇರಿಸಿಟ್ಟಿರುವ ಹಳೆಯ ಎಚ್‌ಎಂಟಿ ವಾಚುಗಳ ವಿಷಯ ಎತ್ತಿ ನೋಡಿ, ಎರಡು ಗಂಟೆ ಹೋದದ್ದು ತಿಳಿಯುವುದಿಲ್ಲ.

ಮುಖ ನೋಡಿ ಮಾತಾಡದಿರುವುದೂ ಇಂಥದ್ದೇ. ನಾವದನ್ನು ಉದಾಸೀನ ಅಂತಲೋ ಸುಳ್ಳು ಅಂತಲೋ ಓದುತ್ತೇವೆ. 2017ರಲ್ಲಿ ನುಶೀನ್ ಹಾಜಿಖಾನಿ ಅವರ ತಂಡ ಆಟಿಸಂ ಇರುವವರಿಗೆ ಮುಖಗಳ ಚಿತ್ರ ತೋರಿಸಿ, ಕಣ್ಣಿನ ಭಾಗವನ್ನೇ ನೋಡುವಂತೆ ಮಾಡಿ ಮಿದುಳಿನ ಸ್ಕ್ಯಾನ್ ತೆಗೆಯಿತು. ಭಯ, ಎಚ್ಚರಗಳಿಗೆ ಸಂಬಂಧಿಸಿದ ಒಳಭಾಗಗಳು ಅತಿಯಾಗಿ ಕೆಲಸ ಮಾಡುತ್ತಿದ್ದವು. ಅವರಲ್ಲಿ ಅನೇಕರಿಗೆ ಎದುರಿಗಿರುವವರ ಕಣ್ಣು ಟಾರ್ಚ್ ಬೆಳಕಿನ ಹಾಗೆ. "ನಿನ್ನ ಮುಖ ನೋಡಿದರೆ ನಿನ್ನ ಮಾತು ಕೇಳಿಸಲ್ಲ ಅಕ್ಕ, ಒಂದು ಆರಿಸ್ಕೋ" ಎಂದು ತಮ್ಮ ನನಗೆ ಒಮ್ಮೆ ಹೇಳಿದ್ದ. ನಾನು ಮಾತು ಆರಿಸಿಕೊಂಡೆ.

ಇವೆಲ್ಲಕ್ಕಿಂತ ಹೆಚ್ಚು ನೋಯಿಸುವ ಆರೋಪ, ಇವರಿಗೆ ಇನ್ನೊಬ್ಬರ ನೋವು ತಟ್ಟುವುದಿಲ್ಲ ಎಂಬುದು. ಇದರ ಹಿಂದೆ ಒಂದು ಪ್ರಸಿದ್ಧ ಪರೀಕ್ಷೆಯ ನೆರಳಿದೆ. 1985ರಲ್ಲಿ ಸೈಮನ್ ಬ್ಯಾರನ್ ಕೋಹೆನ್, ಅಲನ್ ಲೆಸ್ಲಿ, ಉಟಾ ಫ್ರಿತ್ ಮಕ್ಕಳ ಮುಂದೆ ಎರಡು ಗೊಂಬೆಗಳ ಆಟ ಆಡಿಸಿದರು. ಒಂದು ಗೊಂಬೆ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತದೆ. ಇನ್ನೊಂದು ಅದನ್ನು ತೆಗೆದು ಡಬ್ಬಿಗೆ ಹಾಕುತ್ತದೆ. ಮೊದಲ ಗೊಂಬೆ ಬಂದು ಗೋಲಿಯನ್ನು ಎಲ್ಲಿ ಹುಡುಕುತ್ತದೆ? ಬುಟ್ಟಿಯಲ್ಲಿ ಎಂಬುದು ಸರಿಯುತ್ತರ. ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಕ್ಕಳು ಡಬ್ಬಿ ತೋರಿಸಿದರು. ಇನ್ನೊಬ್ಬರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ಊಹಿಸುವುದು ಅವರಿಗೆ ಕಷ್ಟ ಎಂಬುದಷ್ಟೇ ಇದರಿಂದ ತಿಳಿಯುವುದು. ಆಸ್ಪರ್ಗರ್ ಇರುವ ದೊಡ್ಡವರು ಇದಕ್ಕಿಂತ ಜಟಿಲವಾದ ಪ್ರಶ್ನೆಗಳಿಗೂ ಸರಿಯಾಗಿ ಉತ್ತರಿಸುತ್ತಾರೆ ಎಂದು 1992ರ ಹೊತ್ತಿಗೇ ಗೊತ್ತಾಗಿತ್ತು. ಆದರೂ ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ‘ಊಹಿಸುವುದು ಕಷ್ಟ’ ಎಂಬುದು ‘ಕರುಣೆ ಇಲ್ಲ’ ಎಂದಾಗಿಬಿಟ್ಟಿತು.

ಇವೆರಡೂ ಬೇರೆ ಬೇರೆ. ಎದುರಿಗಿರುವವರ ಮನಸ್ಸಿನಲ್ಲಿ ಏನಿದೆ ಎಂದು ಮುಖ ನೋಡಿ ಗ್ರಹಿಸುವುದು ಒಂದು ಶಕ್ತಿ. ಅವರಿಗೆ ನೋವಾಗಿದೆ ಎಂದು ತಿಳಿದ ಮೇಲೆ ತನ್ನೊಳಗೂ ಸಂಕಟವಾಗುವುದು ಇನ್ನೊಂದು. ಮೋಸಗಾರನಿಗೆ ಮೊದಲನೆಯದು ಚೆನ್ನಾಗಿರುತ್ತದೆ, ಎರಡನೆಯದು ಇರುವುದಿಲ್ಲ. ಆಸ್ಪರ್ಗರ್ ಇರುವವರಲ್ಲಿ ತೊಡಕಿರುವುದು ಹೆಚ್ಚಾಗಿ ಮೊದಲನೆಯದರಲ್ಲಿ. ಇದರ ಮೇಲೆ, ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ತಮ್ಮ ಭಾವನೆಗೇ ಹೆಸರಿಡಲು ಬಾರದ ಸ್ಥಿತಿಯೂ ಇರುತ್ತದೆ. ಅದನ್ನು ಅಲೆಕ್ಸಿಥೈಮಿಯಾ ಅನ್ನುತ್ತಾರೆ. ಒಳಗೆ ಏನೋ ಕುದಿಯುತ್ತಿರುತ್ತದೆ, ಅದು ದುಃಖವೋ ಕೋಪವೋ ಹಸಿವೋ ಗೊತ್ತಾಗುವುದಿಲ್ಲ. ಆಗ ಬಾಯಿಂದ ಬರಬೇಕಾದ ಮಾತು ಬರದೇ ಹೋಗುತ್ತದೆ.

ಅಮ್ಮನ ಮಂಡಿ ಆಪರೇಷನ್ ಆದಾಗ ಆಸ್ಪತ್ರೆಗೆ ನೆಂಟರ ಸಾಲೇ ಬಂತು. ಎಳನೀರು, ಮೂಸಂಬಿ, "ಎಲ್ಲ ಸರಿಹೋಗುತ್ತೆ ಬಿಡಿ" ಎಂಬ ಮಾತು. ತಮ್ಮ ಬಾಗಿಲ ಹತ್ತಿರ ಗೋಡೆಗೊರಗಿ ನಿಂತಿದ್ದ. ಏನೂ ಮಾತಾಡಲಿಲ್ಲ, ಅಮ್ಮನ ಕೈ ಮುಟ್ಟಲೂ ಇಲ್ಲ. "ಹೆತ್ತ ತಾಯಿ ನರಳ್ತಿದ್ರೂ ಕಲ್ಲಿನ ಹಾಗೆ ನಿಂತಿದಾನೆ" ಅಂತ ಯಾರೋ ಅಂದರು. ಆ ರಾತ್ರಿ ಅವನೇ ಉಳಿದುಕೊಂಡ. ಬೆಳಗ್ಗೆ ನಾನು ಹೋದಾಗ ಗೋಡೆ ಗಡಿಯಾರ ಗೋಡೆಯಲ್ಲಿರಲಿಲ್ಲ. ಟವಲ್ಲಿನಲ್ಲಿ ಸುತ್ತಿ ಕುರ್ಚಿ ಕೆಳಗೆ ಇಟ್ಟಿದ್ದ, ಶೆಲ್ ತೆಗೆದು ಪಕ್ಕದಲ್ಲಿ. ಕೇಳಿದ್ದಕ್ಕೆ, "ಟಿಕ್ ಅಂದಾಗೆಲ್ಲ ಅಮ್ಮನ ರೆಪ್ಪೆ ಅದುರ್ತಿತ್ತು. ತೆಗೆದ ಮೇಲೆ ಎರಡೂ ಹತ್ತರಿಂದ ಐದೂವರೆ ತನಕ ನಿದ್ದೆ ಮಾಡಿದ್ರು" ಅಂದ. ಬಂದ ನೆಂಟರಲ್ಲಿ ಯಾರೊಬ್ಬರೂ, ನಾನೂ ಸೇರಿ, ಅಮ್ಮನ ರೆಪ್ಪೆಯನ್ನು ಅಷ್ಟು ಹೊತ್ತು ನೋಡಿರಲಿಲ್ಲ.

ಇಲ್ಲಿಗೆ ಬಂದ ಮೇಲೆ ಒಂದು ಪ್ರಶ್ನೆ ಏಳಲೇಬೇಕು. ಅವನಿಗೆ ನಮ್ಮ ಮನಸ್ಸು ಓದಲು ಬರುವುದಿಲ್ಲ ಅನ್ನುತ್ತೇವೆ, ಸರಿ. ಅವನ ಮನಸ್ಸು ಓದಲು ನಮಗೆ ಬಂತೇ? ತಾವೇ ಆಟಿಸಂ ಇರುವ ಬ್ರಿಟಿಷ್ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಈ ಮಾತನ್ನೇ ಸಿದ್ಧಾಂತವಾಗಿ ಮುಂದಿಟ್ಟರು. ಎರಡು ಬೇರೆ ರೀತಿಯ ಮನಸ್ಸುಗಳು ಎದುರಾದಾಗ ತಿಳಿವಳಿಕೆ ಎರಡೂ ಕಡೆಯಿಂದ ತಪ್ಪುತ್ತದೆ, ದೋಷವನ್ನು ಮಾತ್ರ ಒಂದೇ ಕಡೆಯ ತಲೆಗೆ ಕಟ್ಟುತ್ತೇವೆ ಎಂಬುದು ಅವರ ವಾದ. ಇದನ್ನು ಪರೀಕ್ಷಿಸಿದವರು ಕ್ಯಾಥರಿನ್ ಕ್ರಾಂಪ್ಟನ್ ಮತ್ತು ಅವರ ತಂಡ. ಎಂಟೆಂಟು ಜನರ ಒಂಬತ್ತು ಸಾಲು ಮಾಡಿ, ಒಬ್ಬರಿಂದ ಒಬ್ಬರಿಗೆ ಕಥೆ ದಾಟಿಸಲು ಹೇಳಿದರು, ನಾವು ಚಿಕ್ಕವರಿದ್ದಾಗ ಕಿವಿಯಲ್ಲಿ ಪಿಸುಗುಟ್ಟಿ ಆಡುತ್ತಿದ್ದ ಆಟದ ಹಾಗೆ. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆಟಿಸಂ ಇರುವವರೇ ಇದ್ದ ಸಾಲು, ಇಲ್ಲದವರೇ ಇದ್ದ ಸಾಲು ಎರಡೂ ಕಥೆಯನ್ನು ಒಂದೇ ಮಟ್ಟದಲ್ಲಿ ಉಳಿಸಿಕೊಂಡವು. ಇಬ್ಬರನ್ನೂ ಬೆರೆಸಿದ ಸಾಲಿನಲ್ಲಿ ಕಥೆ ಬೇಗ ಸೋರಿಹೋಯಿತು. ಅದೇ ತಂಡ ಹೆಚ್ಚು ಜನರನ್ನು ಸೇರಿಸಿ ಮತ್ತೆ ಮಾಡಿ 2025ರಲ್ಲಿ ಪ್ರಕಟಿಸಿದಾಗ ಬೆರೆತ ಸಾಲೂ ಹಿಂದೆ ಬಿದ್ದಿರಲಿಲ್ಲ. ಮೂರೂ ಹೆಚ್ಚುಕಡಿಮೆ ಸಮವಾಗಿದ್ದವು. ಎರಡೂ ಸಲ ಒಂದು ಮಾತು ಉಳಿಯಿತು: ಆಟಿಸಂ ಇರುವವರು ತಮ್ಮವರೊಂದಿಗೆ ಮಾತು ದಾಟಿಸುವುದರಲ್ಲಿ ಯಾರಿಗೂ ಕಡಿಮೆ ಇಲ್ಲ.

ನನ್ನನ್ನು ಇದಕ್ಕಿಂತ ಹೆಚ್ಚು ಅಲುಗಾಡಿಸಿದ್ದು ನೋವಾ ಸ್ಯಾಸನ್ ತಂಡದ 2017ರ ಅಧ್ಯಯನ. ಆಟಿಸಂ ಇರುವವರು ಮಾತಾಡುವ ಕೆಲವೇ ಸೆಕೆಂಡುಗಳ ವಿಡಿಯೋ ಅಥವಾ ದನಿ ಕೇಳಿಸಿದಾಗ, ಇವರ ಜೊತೆ ಒಡನಾಡುವ ಮನಸ್ಸು ನೋಡಿದವರಿಗೆ ಕಡಿಮೆಯಾಯಿತು. ಆಡಿದ ಮಾತನ್ನಷ್ಟೇ ಅಕ್ಷರದಲ್ಲಿ ಕೊಟ್ಟಾಗ ಆ ಹಿಂಜರಿಕೆ ಮಾಯವಾಯಿತು. ಜನ ಹಿಂದೆ ಸರಿದದ್ದು ಹೇಳಿದ ವಿಷಯಕ್ಕಲ್ಲ, ದನಿಯ ಏರಿಳಿತಕ್ಕೆ, ಕೈ ಆಡಿಸುವ ರೀತಿಗೆ. ಅಂದರೆ ಎಷ್ಟೋ ಬಾರಿ ಇವರು ಬೆರೆಯಲು ಹೊರಟಾಗ ಬಾಗಿಲು ಮುಚ್ಚುವವರು ನಾವು.

ಈಗ ಇದರ ಎದುರು ದಿಕ್ಕಿನ ತಪ್ಪು. "ಎಷ್ಟು ಚೆನ್ನಾಗಿ ಮಾತಾಡ್ತಾಳೆ, ನಗ್ತಾಳೆ, ಇವಳಿಗೇನು ಆಟಿಸಂ?" ಅನ್ನುವುದು. ಬಹಳಷ್ಟು ಮಂದಿ, ಅದರಲ್ಲೂ ಹೆಣ್ಣುಮಕ್ಕಳು, ಶಾಲೆಯ ದಿನಗಳಿಂದಲೇ ಉಳಿದವರನ್ನು ನೋಡಿ ನೋಡಿ ಅನುಕರಿಸುವುದನ್ನು ಕಲಿತಿರುತ್ತಾರೆ. ಯಾವಾಗ ತಲೆಯಾಡಿಸಬೇಕು, ಎಷ್ಟು ಹೊತ್ತು ಮುಖ ನೋಡಬೇಕು, ನಗು ಎಲ್ಲಿ ನಿಲ್ಲಿಸಬೇಕು, ಎಲ್ಲವೂ ಬಾಯಿಪಾಠ. ಇದನ್ನು ಮರೆಮಾಚುವಿಕೆ ಅನ್ನುತ್ತಾರೆ. 2017ರಲ್ಲಿ ಲಾರಾ ಹಲ್ ಮತ್ತು ಜೊತೆಗಾರರು ಆಟಿಸಂ ಇರುವ 92 ವಯಸ್ಕರನ್ನು ಕೇಳಿದಾಗ, ಯಾಕೆ ಹೀಗೆ ಮಾಡುತ್ತೀರಿ ಎಂಬುದಕ್ಕೆ ಬಂದ ಮುಖ್ಯ ಕಾರಣಗಳು ಎರಡು: ಗುಂಪಿನಲ್ಲಿ ಹೊಂದಿಕೊಳ್ಳಬೇಕು, ಜನರ ಹತ್ತಿರ ಆಗಬೇಕು. ಜೊತೆಗೆ ಎಲ್ಲ ಮುಗಿದ ಮೇಲೆ ಬರುವ ಆಯಾಸದ ಬಗ್ಗೆಯೂ ಅವರು ಹೇಳಿದರು. ಹೀಗೆ ಮರೆಮಾಚುತ್ತ ಬದುಕುವುದಕ್ಕೂ ಆತ್ಮಹತ್ಯೆಯ ಯೋಚನೆಗಳಿಗೂ ನಂಟಿದೆ ಎಂದು 2018ರಲ್ಲಿ ಪ್ರಕಟವಾದ ಸಾರಾ ಕ್ಯಾಸಿಡಿ ತಂಡದ ಅಧ್ಯಯನ ತೋರಿಸಿತು. ಮಗಳು ಕಾಲೇಜಿನಲ್ಲಿ ಚಟಪಟ ಮಾತಾಡಿ ಮನೆಗೆ ಬಂದ ಕೂಡಲೇ ಬಾಗಿಲು ಹಾಕಿಕೊಂಡು ಕತ್ತಲಲ್ಲಿ ಮಲಗುತ್ತಾಳೆ ಎಂದರೆ, ದಯವಿಟ್ಟು "ಹೊರಗಿನವರ ಹತ್ತಿರ ಆದರೆ ಚೆನ್ನಾಗಿ ಮಾತಾಡ್ತೀಯ" ಎಂದು ಚುಚ್ಚಬೇಡಿ. ಅವಳ ಹತ್ತಿರವಿದ್ದದ್ದೆಲ್ಲ ಹೊರಗೆ ಖರ್ಚಾಗಿದೆ.

ಎಲ್ಲರಿಗೂ ಸ್ನೇಹಿತರು ಬೇಕೇ ಬೇಕು ಎಂದು ನಾನು ಹೇಳುತ್ತಿಲ್ಲ. ಒಬ್ಬರೇ ಇರುವುದನ್ನು ಮನಸಾರೆ ಇಷ್ಟಪಡುವವರು ಆಟಿಸಂ ಇರುವವರಲ್ಲೂ ಇದ್ದಾರೆ, ಇಲ್ಲದವರಲ್ಲೂ ಇದ್ದಾರೆ. ಕೇಳಿ ತಿಳಿಯಬೇಕು, ಅಷ್ಟೇ. ಮಾತು ಬಾರದ, ದಿನವಿಡೀ ಆರೈಕೆ ಬೇಕಾಗುವ ಮಕ್ಕಳ ಮನೆಗಳ ಕಷ್ಟ ಬೇರೆಯೇ, ಅದಕ್ಕೆ ಇನ್ನೊಂದು ಲೇಖನವೇ ಬೇಕು. ಅನುಮಾನವಿದ್ದವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ ತೋರಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಸ್ಥಿತಿಗಳಲ್ಲಿ ಆಟಿಸಂ ಕೂಡ ಇದೆ.

ನಮ್ಮ ಮನೆಯಲ್ಲಿ ಬದಲಾದದ್ದು ಸಣ್ಣ ಸಣ್ಣ ಸಂಗತಿ. "ಯಾವಾಗಾದ್ರೂ ಬಾ" ಅನ್ನುವುದನ್ನು ಬಿಟ್ಟು ದಿನ, ಹೊತ್ತು ಹೇಳುತ್ತೇವೆ. ಫೋನ್ ಮಾಡುವ ಬದಲು ವಾಟ್ಸಾಪ್‌ನಲ್ಲಿ ಬರೆಯುತ್ತೇವೆ. ಸಮಾರಂಭಕ್ಕೆ ಹೋದರೆ ಎಷ್ಟು ಗಂಟೆಗೆ ಹೊರಡುತ್ತೇವೆ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಬೇಜಾರಾದರೆ ಮುಖ ಊದಿಸಿಕೊಂಡು ಕೂರುವುದಿಲ್ಲ, "ನನಗೆ ಬೇಜಾರಾಗಿದೆ, ಇಂಥದ್ದಕ್ಕೆ" ಎಂದು ಬಾಯಿಬಿಟ್ಟು ಹೇಳುತ್ತೇವೆ. ಇದು ಅವನಿಗಿಂತ ನಮಗೇ ಹೆಚ್ಚು ಉಪಯೋಗಕ್ಕೆ ಬಂದಿದೆ.

ತುಮಕೂರಿನ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಬೀಗರ ತಂದೆ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಅವರು ತೀರಿಹೋದಾಗಿನಿಂದ ನಿಂತುಹೋಗಿದ್ದ, ಡಯಲ್ ಮೇಲೆ ಹಿಂದಿಯಲ್ಲಿ ‘ಜನತಾ’ ಎಂದಿದ್ದ ಕೀಲಿ ಕೊಡುವ ವಾಚೊಂದು ಶೋಕೇಸಿನಲ್ಲಿತ್ತು. ಆವತ್ತು ಊಟದ ಮೇಲೆ ತಮ್ಮ ಒಂದು ಗಂಟೆ ಮಾತಾಡಿದ್ದು ಅದರ ಬಗ್ಗೆಯೇ. ಕೇಳಿ, ಮನೆಗೆ ತಂದು, ಬಿಚ್ಚಿ ತೊಳೆದು ಎಣ್ಣೆ ಬಿಟ್ಟು, ಎರಡು ತಿಂಗಳ ಮೇಲೆ ತಾನೇ ಹೋಗಿ ಕೊಟ್ಟು ಬಂದ. ಬೀಗರು ಅದನ್ನು ಕಿವಿಗೆ ಹಿಡಿದುಕೊಂಡು ಸುಮಾರು ಹೊತ್ತು ಸುಮ್ಮನೆ ಕೂತಿದ್ದರಂತೆ. ಅವರು ಮಾತಾಡಲಿಲ್ಲ, ಇವನೂ ಮಾತಾಡಲಿಲ್ಲ. ಆಮೇಲಿಂದ ಅವರೇ ಮೆಸೇಜ್ ಮಾಡುತ್ತಾರೆ: "ಬರೋ ತಿಂಗಳು ಎರಡನೇ ಭಾನುವಾರ 11 ಗಂಟೆಗೆ. ಊಟ ಇಲ್ಲೇ. 3 ಗಂಟೆಗೆ ಬಸ್ ಸ್ಟ್ಯಾಂಡಿಗೆ ಬಿಡ್ತೀನಿ."

ಹೋದ ಸಲ ನಾನೂ ಜೊತೆಗಿದ್ದೆ. ಹೊರಡುವಾಗ ತಮ್ಮ ಗೇಟಿನ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತ, ಅವರ ಮುಖ ನೋಡದೆ, "ಬರ್ತೀನಿ ಅಂಕಲ್" ಅಂದ. ಒಂದು ಕ್ಷಣ ಬಿಟ್ಟು, "ಜೂನ್ 14ಕ್ಕೆ" ಅಂತ ಸೇರಿಸಿದ.